ಚಳಿ ಉಗುಳುವ ಪೆಟ್ಟಿಗೆ

ಫ್ರಿಜ್ ರಿಪೇರಿ ಅಂತ ಬೋರ್ಡ್ ಹಾಕ್ಕೊಂಡ್ರೆ ಜನ ಫ್ರಿಜ್ಜನ್ನೇ ತರ್ತಾರೆ ಅಂತ ತಿಳ್ಕೊಂಡಿದ್ರೆ, ನೀವು ಯಾವತ್ತೂ ಅಂಗಡಿ ಇಟ್ಟೋರಲ್ಲ. ಮತ್ತಿಕೆರೆಯ ನನ್ನ ಅಂಗಡಿಗೆ ಮಿಕ್ಸಿ ಬಂದಿದೆ, ಟೇಬಲ್ ಫ್ಯಾನ್ ಬಂದಿದೆ. ಒಬ್ಬರಂತೂ ಹೊಲಿಗೆ ಮಿಷನ್ ಹೊತ್ಕೊಂಡು ಬಂದು "ಇದೂ ತಿರುಗೋದೇ ಅಲ್ವೇನ್ರೀ?" ಅಂದಿದ್ರು. ಆಗಲ್ಲ ಅನ್ನೋಕೆ ನನಗೆ ಬಾಯೇ ಬರೋದಿಲ್ಲ, ಅದೊಂದು ಹಾಳು ಅಭ್ಯಾಸ. ಅದರಿಂದಾಗಿ ಎಂಬತ್ತರ ದಶಕ ಶುರುವಾದ ಹೊಸದರಲ್ಲಿ, ಒಂದು ಡಿಸೆಂಬರ್ ತಿಂಗಳು, ಆರ್.ಟಿ. ನಗರದ ಒಂದೇ ಮನೆಯಲ್ಲಿ ಐದು ದಿನ ನನ್ನ ತಲೆ ಕೆಟ್ಟು ಕೆರ ಹಿಡೀತು.

೧. ಹೊರಗಡೆ ಇರೋ ಬಿಸಿ

ಸೋಮವಾರ ಬೆಳಿಗ್ಗೆ ನನ್ನನ್ನ ಕರೆಸಿದ್ದು ಒಬ್ಬ ಸಾಹೇಬರು. ದೆಹಲಿಯಲ್ಲಿ ಯಾವುದೋ ಸರ್ಕಾರಿ ಆಫೀಸಿನ ದೊಡ್ಡ ಕುರ್ಚಿಯಲ್ಲಿದ್ದು ರಿಟೈರಾಗಿ ಬಂದೋರು. ಬರುವಾಗ ಹೆಂಡತಿಯ ತೇಗದ ಬೀರುವನ್ನ ಅಲ್ಲೇ ಬಿಟ್ಟು, ಲಾರಿಯಲ್ಲಿ ಅದರ ಜಾಗಕ್ಕೆ ಒಂದು ಮಿಷನ್ ಹಾಕ್ಕೊಂಡು ಬಂದಿದ್ರು. ನೋಡೋಕೆ ಕಿಟಕಿಗೆ ಕೂರಿಸೋ ಏರ್ ಕಂಡಿಷನರ್ ಥರಾನೇ. ಆದ್ರೆ ಗುಂಡಿ ಒಂದು ಕಡೆ ತಿರುಗಿಸಿದ್ರೆ ತಂಪು, ಇನ್ನೊಂದು ಕಡೆ ತಿರುಗಿಸಿದ್ರೆ ಬಿಸಿ ಅಂತೆ.

ಅವಸರ ಏನಪ್ಪಾ ಅಂದ್ರೆ, ಸಾಹೇಬರ ಮಗಳಿಗೆ ಹೆರಿಗೆಯಾಗಿತ್ತು. ಶುಕ್ರವಾರ ಆಸ್ಪತ್ರೆಯಿಂದ ಮಗು ಎತ್ಕೊಂಡು ಈ ಮನೆಗೆ ಬರ್ಬೇಕು. ಬಾಣಂತಿ ಕೋಣೆ ಬೆಚ್ಚಗಿರಬೇಕಲ್ಲ? ಸಾಹೇಬರ ತಾಯಿ, ಅಬ್ಬಿಗೆರೆಯಿಂದ ಬಂದಿದ್ದ ಅಜ್ಜಿ, ಕಬ್ಬಿಣದ ಅಗ್ಗಿಷ್ಟಿಕೆ, ಇದ್ದಿಲ ಮೂಟೆ, ಸಾಂಬ್ರಾಣಿ ಎಲ್ಲ ತಂದು ಹಜಾರದಲ್ಲಿ ಇಟ್ಕೊಂಡು ಕೂತಿದ್ರು. ಆದ್ರೆ ಮಗಳಿಗೆ ಉಬ್ಬಸ. ಹೊಗೆ ಕೂಡದು ಅಂತ ಡಾಕ್ಟರ್ ಕಟ್ಟುನಿಟ್ಟು ಮಾಡಿದ್ರು. "ಕೋಣೇಲಿ ಕೆಂಡ ಇಟ್ರೆ ನಾನು ಮಾಕಳಿಯ ಅತ್ತೆ ಮನೆಗೇ ಹೋಗ್ಬಿಡ್ತೀನಿ" ಅಂತ ಮಗಳು ಹೇಳಿ ಕಳಿಸಿದ್ಲು. ಮೊದಲನೇ ಮೊಮ್ಮಗು ಬೇರೆ. ಮಿಷನ್ ಬಿಸಿ ಕೊಡದೇ ಹೋದ್ರೆ ಮಗು ಮನೆಗೇ ಬರಲ್ಲ ಅಂತ ಸಾಹೇಬರ ಹೆಂಡತಿ ಆಗಲೇ ಕಣ್ಣು ಒರೆಸ್ಕೋತಾ ಇದ್ರು.

"ಒಂದು ಕಾಯಿಲ್ ಹೀಟರ್ ತಂದುಬಿಡಬಹುದಲ್ಲ ಸಾರ್" ಅಂದೆ.

ಅಮ್ಮಾವ್ರು ಬೀರು ಇರಬೇಕಾಗಿದ್ದ ಖಾಲಿ ಗೋಡೆ ಕಡೆ ನೋಡಿದ್ರು. ಆಮೇಲೆ ಗಂಡನ ಕಡೆ ನೋಡಿದ್ರು. ಸಾಹೇಬರು ನನ್ನ ಕಡೆ ನೋಡಿದ್ರು. ನಾನು ಆ ಮಾತು ಮತ್ತೆ ಎತ್ತಲಿಲ್ಲ.

"ಇದರೊಳಗೆ ಬಿಸಿ ಎಲ್ಲಿಂದ ಬರುತ್ತೆ ಸಾರ್?"

"ಹೊರಗಡೆ ಗಾಳೀಲಿರೋ ಬಿಸಿ ಹೀರ್ಕೊಂಡು ಒಳಗೆ ತಂದು ಬಿಡುತ್ತೆ ಕಣ್ರೀ."

"ಹೊರಗಡೆ ಬಿಸಿ ಇದ್ದಿದ್ರೆ ನಾನ್ಯಾಕೆ ಸಾರ್ ಎರಡೆರಡು ಸ್ವೆಟರ್ ಹಾಕ್ಕೊಂಡು ಬರ್ತಿದ್ದೆ?"

"ನೀವು ಫ್ರಿಜ್ ಮೆಕ್ಯಾನಿಕ್ ತಾನೆ? ಫ್ರಿಜ್ಜಿನ ಬೆನ್ನು ಬೆಚ್ಚಗಿರಲ್ವಾ? ಇಡೀ ಊರೇ ಫ್ರಿಜ್ಜು, ಈ ಕೋಣೆ ಅದರ ಬೆನ್ನು ಅಂದ್ಕೊಳ್ಳಿ."

ಅರ್ಥ ಆಯ್ತು ಅಂದೆ. ಎಲ್ಲಿ ಆಗಿತ್ತು, ಮಣ್ಣು!

ಮಿಷನ್ ಹಾಕಿದ್ರೆ ಐದು ನಿಮಿಷ ಬೆಚ್ಚಗೆ ಗಾಳಿ ಬರೋದು, ಆಮೇಲೆ ನಿಂತೇ ಹೋಗೋದು. ಮುಂದಿನ ಜಾಲರಿ ಬಿಚ್ಚಿದೆ, ಧೂಳು ತೆಗೆದೆ, ವೈರುಗಳನ್ನೆಲ್ಲ ಎಳೆದೆಳೆದು ನೋಡಿದೆ. ಮಧ್ಯಾಹ್ನವಾಯ್ತು. ಕೊನೆಗೆ ಕಾಂಪೌಂಡಿಗೆ ಹೋಗಿ ಕಿಟಕಿಯ ಹೊರಭಾಗ ನೋಡ್ತೀನಿ, ಮಿಷನ್ ಬೆನ್ನಿಗೆ ಕರಿ ಕಂಬಳಿ ಹೊದಿಸಿ ಹಗ್ಗ ಬಿಗಿದಿದೆ! ಗಾಳಿ ಆಡೋಕೆ ಒಂದು ಸಂದೂ ಇಲ್ಲ.

"ನಾನೇ ಕಣಪ್ಪಾ ಕಟ್ಟಿದ್ದು" ಅಂದ್ರು ಅಜ್ಜಿ. "ಮುಟ್ಟಿ ನೋಡು, ಎಂಗೆ ತಣ್ಣಗೈತೆ. ಚಳಿ ಉಗೀತೈತೆ. ಬೆನ್ನು ಇಂಗೆ ಕೊರೀತಿದ್ರೆ ಅದು ಒಳಿಕ್ಕೆ ಬಿಸಿ ಎಲ್ಲಿಂದ ತಂದಾತು?"

"ಇಲ್ಲ ಅಜ್ಜಿ, ಬೆನ್ನು ತಣ್ಣಗಿದ್ರೇನೇ ಸರಿ. ಹೊರಗಡೆ ಬಿಸಿ ಇದೆ, ಅದನ್ನ ಇದು ಹೀರ್ಕೊಳ್ಳುತ್ತೆ" ಅಂತ ಸಾಹೇಬರು ಹೇಳಿದ್ದನ್ನೇ ಒಪ್ಪಿಸಿದೆ. ಹೇಳುವಾಗ ನನ್ನ ಹಲ್ಲು ಕಟಕಟ ಅಂತಿತ್ತು.

ಅಜ್ಜಿ ಹಗ್ಗ ಎಳೆದು ಬಿಡಿಸಿದ್ರು. ಕಂಬಳಿ ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿದ್ರು. "ತಗಾ, ಆಚೆ ಬಿಸಿ ಐತೆ ಅನ್ನೋರು ನಡುಗಬಾರ್ದು."

೨. ಮಿಷನ್ನಿನ ಅಭ್ಯಂಜನ

ಕಂಬಳಿ ತೆಗೆದ ಮೇಲೆ ಬಿಸಿ ಬಂತು. ಅಮ್ಮಾವ್ರು ಕಾಫಿ ಕೊಟ್ರು, ನಾನು ಎದೆ ಉಬ್ಬಿಸ್ಕೊಂಡು ಹೋದೆ. ಮಂಗಳವಾರ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಸಾಹೇಬರೇ ಸ್ಕೂಟರಲ್ಲಿ ಬಂದ್ರು. "ರಾತ್ರಿಯೆಲ್ಲ ಟ್ರಯಲ್ ಬಿಟ್ಟಿದ್ದೆ ಕಣ್ರೀ. ಹಿಂದುಗಡೆ ಐಸ್ ಕಟ್ಬಿಟ್ಟಿದೆ" ಅಂದ್ರು.

ನಾನು ನಂಬಲಿಲ್ಲ. ಹೋಗಿ ನೋಡಿದ್ರೆ ಮಿಷನ್ ಬೆನ್ನಿನ ಮೇಲೆ ಬೆರಳು ದಪ್ಪ ಮಂಜುಗಡ್ಡೆ. ಅದರ ಮುಂದೆ ಅಡ್ಡಡ್ಡ ದಾರ, ದಾರದ ಮೇಲೆ ಮಗುವಿಗೆ ಅಂತ ಹಳೇ ಸೀರೆ ಹರಿದು ಒಗೆದು ಹಾಕಿದ ಬಟ್ಟೆಗಳು. ಮಿಷನ್ನಿಗೆ ಅಂಟ್ಕೊಂಡಿದ್ದ ನಾಲ್ಕು ಬಟ್ಟೆ ಹಪ್ಪಳದ ಥರ ಸೆಟೆದು ನಿಂತಿದ್ವು.

"ಗಾಳಿ ಸುಮ್ಕೆ ಪೋಲಾಯ್ತಿತ್ತು, ಬಟ್ಟೆನಾದ್ರೂ ಒಣಗ್ಲಿ ಅಂತ ಆಕ್ದೆ" ಅಂದ್ರು ಅಜ್ಜಿ. ಬಟ್ಟೆ ಗಾಳಿಗೆ ಅಡ್ಡ ಬಂದಿದ್ದಕ್ಕೇ ಐಸ್ ಕಟ್ಟಿದ್ದು. ಬೆಂಗಳೂರಲ್ಲಿ ಮಂಜು ಬಿದ್ದಿದೆ ಅಂತ ಬೀದಿಯವರೆಲ್ಲ ಕಾಂಪೌಂಡ್ ಹತ್ರ ಸೇರಿದ್ರು. ಪಕ್ಕದ ಮನೆಯಾಕೆ ಬಟ್ಟಲು ಹಿಡ್ಕೊಂಡು ಬಂದು, "ನಮ್ಮನೆಯೋರು ಮೆಟ್ಲಲ್ಲಿ ಜಾರಿ ಮಂಡಿ ಊದಿಸ್ಕೊಂಡಿದ್ದಾರೆ, ಎರಡು ಚೂರು ಕೊಡ್ತೀರಾ?" ಅಂದ್ರು. ಕೊಟ್ವಿ.

ಉಳಿ ಹಿಡಿದು ಕೆತ್ತಿದ್ರೆ ಒಳಗಿನ ಪೈಪು ತೂತಾಗುತ್ತೆ. ಇನ್ನೇನು ಮಾಡೋದು? ಬಚ್ಚಲ ಹಂಡೆಯಲ್ಲಿ ನೀರು ಕಾಯಿಸಿ ತಂದು ಸುರಿಯೋಣ ಅಂದೆ. ಬುದ್ಧಿವಂತಿಕೆ ನನ್ನದೇ, ಬೇರೆಯವರನ್ನ ಬೈಯೋ ಹಾಗಿಲ್ಲ. ಸಾಹೇಬರು ಪಂಚೆ ಎತ್ತಿ ಕಟ್ಟಿ ಸೌದೆ ಒಟ್ಟಿದ್ರು. ನಾನು ಬಕೆಟ್ ಹೊತ್ತೆ. ಒಂದು, ಎರಡು, ಆರು ಬಕೆಟ್.

ಅಜ್ಜಿ ಸೊಂಟದ ಮೇಲೆ ಕೈ ಇಟ್ಕೊಂಡು ನೋಡ್ತಾ ಇದ್ರು. "ಅಲ್ಲ ಕಣಪ್ಪಾ, ಇದು ನಮಗೆ ಬಿಸಿ ಕೊಡೋ ಮಿಸನ್ನೋ, ನಾವು ಇದಕ್ಕೆ ಕೊಡ್ಬೇಕೋ?"

ನಾನು ಖಾಲಿ ಬಕೆಟ್ ಕೆಳಗಿಟ್ಟೆ. ಐಸ್ ಕರಗಿ ಮಿಷನ್ ಮೈಯಿಂದ ಹಬೆ ಏಳ್ತಿತ್ತು. ಅಜ್ಜಿ ಒಳಗೆ ಹೋಗಿ ಒಂದು ಒಣ ಟವೆಲ್ ತಂದು ನನ್ನ ಕೈಗೆ ಕೊಟ್ರು. "ಚೆನ್ನಾಗಿ ತಲೆ ಒರೆಸು, ನಾನು ಸಾಂಬ್ರಾಣಿ ಆಕ್ತೀನಿ. ಬಾಣಂತಿ ಬರೋಕ್ ಮುಂಚೆ ಇದರ ಬಾಣಂತನ ಮುಗೀಲಿ."

೩. ಬುಕ್ಕಲ್ಲಿ ಬಿಸಿ

ಆರು ಬಕೆಟ್ ನೀರು ಸುಮ್ನೆ ಬಿಡುತ್ತಾ? ಬುಧವಾರದಿಂದ ಮಿಷನ್ ತಿಕ್ಕಲು ಹಿಡಿದವರ ಥರ ಆಡೋಕೆ ಶುರು ಮಾಡ್ತು. ಗುಂಡಿ ಎತ್ತ ತಿರುಗಿಸಿದ್ರೆ ಏನು ಬರುತ್ತೆ ಅಂತ ಗೊತ್ತೇ ಆಗ್ತಿರಲಿಲ್ಲ. "ಗಾಬರಿ ಬೇಡ, ಒಂದು ಕ್ರಮದಲ್ಲಿ ಪರೀಕ್ಷೆ ಮಾಡೋಣ" ಅಂದ್ರು ಸಾಹೇಬರು. ಉದ್ದನೆಯ ನೋಟ್ ಬುಕ್ ತೆಗೆದು ಸ್ಕೇಲ್ ಇಟ್ಟು ಗೆರೆ ಎಳೆದ್ರು. ಅವರು ಕೋಣೆ ಒಳಗೆ ಬಾಗಿಲು ಹಾಕ್ಕೊಂಡು ಗುಂಡಿ ತಿರುಗಿಸೋದು, ನಾನು ಹೊರಗಡೆ ಮಿಷನ್ ಹತ್ರ ನಿಂತು ಗಾಳಿ ನೋಡಿ ಹೇಳೋದು.

"ಏನ್ರೀ, ಹೇಗಿದೆ?"

"ಬಿಸಿ ಬಂತು ಸಾರ್!"

"ಭೇಷ್!" ಅಂತ ಬರ್ಕೋತಿದ್ರು.

ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಇದೇ. ಹತ್ತು ಸಲ ಕೇಳಿದ್ರು, ಹತ್ತು ಸಲಾನೂ ಬಿಸಿ ಅಂದೆ. ನನಗೋ ಹೊರಗೆ ಹಾಯಾಗಿತ್ತು, ಸ್ವೆಟರ್ ಎರಡೂ ಬಿಚ್ಚಿ ಗೋಡೆ ಮೇಲೆ ಹಾಕಿದ್ದೆ. ಆ ಬಿಸಿ ಒಳಗೆ ಹೋಗಬೇಕಾಗಿದ್ದದ್ದು ಅಂತ ನನಗೂ ಹೊಳೀಲಿಲ್ಲ, ಅವರಿಗೂ ಹೊಳೀಲಿಲ್ಲ.

ಅಮ್ಮಾವ್ರು ಊಟಕ್ಕೆ ಕರೆಯೋಕೆ ಅಂತ ಕೋಣೆ ಬಾಗಿಲು ತೆಗೆದು ಕಿಟಾರನೆ ಕಿರುಚಿದ್ರು. ನಾನು ಓಡಿ ಹೋದೆ. ಸಾಹೇಬರು ಶಾಲು, ಅದರ ಮೇಲೆ ರಜಾಯಿ ಹೊದ್ಕೊಂಡು ಕೂತಿದ್ದಾರೆ, ತುಟಿ ನೀಲಿಗಟ್ಟಿದೆ, ಪೆನ್ನು ಹಿಡಿದ ಕೈ ಗಡಗಡ ಅಂತಿದೆ.

"ಅಯ್ಯೋ ನಿಮ್ಮ! ಕೋಣೆ ಐಸ್ ಪೆಟ್ಟಿಗೆ ಆಗಿದೆಯಲ್ರೀ!" ಅಂದ್ರು ಅಮ್ಮಾವ್ರು.

ಸಾಹೇಬರು ನಡುಗೋ ಬೆರಳಲ್ಲಿ ಬುಕ್ಕು ತೋರಿಸಿದ್ರು. "ಅದು ಹೇಗಾಗುತ್ತೆ? ಹತ್ತು ಸಲಾನೂ ಬಿಸಿ ಅಂತ ಬರೆದಿದೆ."

೪. ಅಜ್ಜಿ ಕೊಟ್ಟ ಮದ್ದು

ಗುರುವಾರ ಮಿಷನ್ ಪೂರ್ತಿ ಬಿಚ್ಚಿದೆ. ತಂಪು ಬಿಸಿ ಅದಲುಬದಲು ಮಾಡೋಕೆ ಒಳಗೆ ಒಂದು ಚಿಕ್ಕ ವಾಲ್ವ್ ಇತ್ತು. ನಾನು ಹಾಕಿದ ಬಿಸಿನೀರು ಅದರ ವೈರಿನೊಳಗೆ ಇಳಿದು ಅದು ಸುಟ್ಟು ಹೋಗಿತ್ತು. ಇನ್ನು ಒಳಗೆ ತಂಪು, ಹೊರಗೆ ಬಿಸಿ, ಅಷ್ಟೇ. ಹೊಸ ವಾಲ್ವ್ ದೆಹಲಿಯಿಂದ ಬರಬೇಕು, ತಿಂಗಳಾದ್ರೂ ಹಿಡಿಯುತ್ತೆ. ಮಗು ಬರೋದು ಮಾರನೇ ದಿನ.

ಹೇಳೋಕೆ ನಾಚಿಕೆ ಆಯ್ತು, ಆದ್ರೂ ಹೇಳಿದೆ. ಅಮ್ಮಾವ್ರು ಹೋಗಿ ಮಗಳಿಗೆ ಅಂತ ಹಾಸಿದ್ದ ಹಾಸಿಗೆ ಸುತ್ತೋಕೆ ಶುರು ಮಾಡಿದ್ರು. ಅದನ್ನ ನೋಡಿ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಸಾಹೇಬರು ಬುಕ್ಕು ಮುಚ್ಚಿಟ್ರು.

ಅಜ್ಜಿ ಕಾಂಪೌಂಡಲ್ಲಿ, ನಾನು ಮತ್ತೆ ಜೋಡಿಸಿ ಚಾಲೂ ಮಾಡಿದ್ದ ಮಿಷನ್ ಹಿಂದೆ ನಿಂತು ಎರಡೂ ಅಂಗೈ ಕಾಯಿಸ್ಕೋತಾ ಇದ್ರು. "ಏನಪ್ಪಾ, ಇಲ್ಲಿ ಬಿಸಿ ಬತ್ತೈತಲ್ಲ?"

"ಹೂಂ ಅಜ್ಜಿ, ಅದು ಒಳಗೆ ಬರ್ಬೇಕಿತ್ತು."

"ಅಂಗಾದ್ರೆ ಪೆಟ್ಟಿಗೇನ ಇಂದು ಮುಂದು ತಿರುಗ್ಸಿ ಮಡಗ್ರಿ."

ನಾನು ಸಾಹೇಬರ ಮುಖ ನೋಡಿದೆ, ಸಾಹೇಬರು ನನ್ನ ಮುಖ ನೋಡಿದ್ರು. "ಹಾಗೆ ಮಾಡಬಹುದು ಅಂತ ಮಿಷನ್ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿಲ್ಲ" ಅಂದ್ರು. "ಮಾಡಬಾರದು ಅಂತ ಬರೆದಿದೆಯಾ ಸಾರ್?" ಅಂದೆ. ಹುಡುಕಿದ್ರು. ಬರೆದಿರಲಿಲ್ಲ.

ಬೀದಿಯವರನ್ನ ಕರೆದು ಮಿಷನ್ ಎತ್ತಿ, ಬೆನ್ನು ಒಳಗೆ ಮಾಡಿ, ಮುಖ ಹೊರಗೆ ಮಾಡಿ ಕೂರಿಸಿದ್ವಿ. ಎರಡು ನಿಮಿಷ ಓಡಿ ನಿಂತು ಹೋಯ್ತು. ತಂಪಾದ ತಕ್ಷಣ ಮಿಷನ್ ನಿಲ್ಲಿಸೋ ಸಾಮಾನು ಮುಖದ ಕಡೆ ಇರೋದು. ಅದಕ್ಕೆ ಈಗ ಬರೀ ಹೊರಗಿನ ಚಳಿ ಕಾಣಿಸ್ತಿತ್ತು. ಇಷ್ಟು ತಂಪಾಯ್ತಲ್ಲ, ನನ್ನ ಕೆಲಸ ಮುಗೀತು ಅಂತ ಅದು ಮಲಗಿಬಿಡ್ತು. ಅದನ್ನ ಬಿಟ್ಟು ವೈರ್ ನೇರವಾಗಿ ಸೇರಿಸಿದೆ. ಬಂತು ನೋಡಿ ಬಿಸಿ! ಅಮ್ಮಾವ್ರು ಹಾಸಿಗೆ ಮತ್ತೆ ಬಿಚ್ಚಿ ಹಾಸಿದ್ರು.

ಶುಕ್ರವಾರ ಮಗಳು ಬಂದ್ಲು. ಕೋಣೆಯಲ್ಲಿ ಹೊಗೆ ಇಲ್ಲ, ಚಳಿ ಇಲ್ಲ. ಒಂದು ಸಲ ಎದೆ ತುಂಬ ಉಸಿರು ಎಳ್ಕೊಂಡು "ಅಮ್ಮಾ, ಬೆಚ್ಚಗಿದೆ" ಅಂದ್ಲು. ಬಾಗಿಲ ಹೊರಗೆ ನಿಂತಿದ್ದ ನನಗೂ ಕಣ್ಣು ತುಂಬಿ ಬಂತು.

ಒಂದೇ ಒಂದು ತೊಂದರೆ. ಈಗ ಮಿಷನ್ ತಾನಾಗಿ ನಿಲ್ಲಲ್ಲ, ಯಾರಾದ್ರೂ ನಿಲ್ಲಿಸ್ಬೇಕು. ಗೋಡೆಯ ಸ್ವಿಚ್ಚಲ್ಲೇ ಹಾಕಿ ತೆಗೆದು ಮಾಡಿದ್ರೆ ಫ್ಯೂಸ್ ಹೋಗುತ್ತೆ. ಗುಂಡಿಯನ್ನ ಮೊದಲು ಫ್ಯಾನಿಗೆ ತಿರುಗಿಸಿ, ಮೂರು ನಿಮಿಷ ಕಾದು, ಆಮೇಲೆ ಮುಂದಕ್ಕೆ ತಿರುಗಿಸ್ಬೇಕು. ಆ ಗುಂಡಿ ಇರೋದು ಮಿಷನ್ ಮುಖದಲ್ಲಿ. ಮುಖ ಇರೋದು ಕಾಂಪೌಂಡಲ್ಲಿ.

ಶನಿವಾರ ಬೆಳಿಗ್ಗೆ ನೋಡ್ಕೊಂಡು ಬರೋಣ ಅಂತ ಹೋದೆ. ದೆಹಲಿಯಲ್ಲಿ ನೂರು ಜನರನ್ನ ನಡುಗಿಸಿದ ಸಾಹೇಬರು ಮಂಕಿ ಕ್ಯಾಪು, ಮಫ್ಲರ್ ಹಾಕ್ಕೊಂಡು ಕಿಟಕಿ ಹೊರಗೆ ಬೆತ್ತದ ಕುರ್ಚಿಯಲ್ಲಿ ನಡುಗ್ತಾ ಕೂತಿದ್ದಾರೆ. ಒಳಗಿಂದ ಮಗಳು ಗಾಜು ಒಂದು ಸಲ ಬಡಿದ್ರೆ ಎದ್ದು ಮಿಷನ್ ನಿಲ್ಲಿಸ್ತಾರೆ, ಎರಡು ಸಲ ಬಡಿದ್ರೆ ಹಾಕ್ತಾರೆ. ಹಾಲಿನವನು ಸೈಕಲ್ ನಿಲ್ಲಿಸಿ, "ಯಾಕ್ ಸಾರ್, ಒಳಗೆ ಬಿಟ್ಕೊಳ್ಳಿಲ್ವಾ?" ಅಂತ ಕೇಳಿದ. ಸಾಹೇಬರು ನನ್ನನ್ನ ದುರುಗುಟ್ಟಿ ನೋಡಿದ್ರು.

"ತಪ್ಪಾಯ್ತು ಸಾರ್" ಅಂದೆ. "ವಾಲ್ವ್ ಬಂದ ದಿನವೇ ಬಂದು ಮಿಷನ್ ಸರಿಯಾಗಿ ತಿರುಗಿಸಿ ಕೊಡ್ತೀನಿ."

ಬಾಣಂತಿ ಬಟ್ಟೆ ಒಗೆಯೋಕೆ ಅಂತ ಆಚೆ ಬಂದ ಅಜ್ಜಿ ಬಕೆಟ್ ಕೆಳಗಿಟ್ಟು ನನ್ನನ್ನ ಗದರಿಸಿದ್ರು.

"ಮುಟ್ಟೀಯ ಅದನ್ನ! ಪುರುಡು ಕಳಿಯೋ ಗಂಟ ಗಂಡಸರು ಬಾಣಂತಿ ಕ್ವಾಣೆ ಒಳಿಕ್ಕೆ ಕಾಲಿಕ್ಕಂಗಿಲ್ಲ. ಮಿಸನ್ ಮಾಡ್ದೋನು ಅದ್ನೆಲ್ಲ ತಿಳ್ಕಂಡೇ ಗುಂಡಿ ಆಚಿಕ್ಕೆ ಮಡಗವ್ನೆ. ಓದ್ದೋರು ಅಂತ ಇಬ್ರಿದೀರಿ, ಇಷ್ಟು ದಿನ ಉಲ್ಟಾ ಇಕ್ಕಿದ್ದು ನೀವೇಯ!"