ನನ್ನ ಅಟ್ಟದಿಂದ ನನ್ನನ್ನೇ ಅಟ್ಟಿದರು

ಹಳೇ ಮನೆ ರಿಪೇರಿಗೆ ಕೈ ಹಾಕಿದರೆ ಬೇರೆಯವರಿಗೆ ಗೆದ್ದಲು ಸಿಗುತ್ತೆ, ಹಾವಿನ ಪೊರೆ ಸಿಗುತ್ತೆ, ಪುಣ್ಯ ಇದ್ದರೆ ಅಜ್ಜನ ಕಾಲದ ತಾಮ್ರದ ಹಂಡೆ ಸಿಗುತ್ತೆ. ನಮ್ಮ ಮನೆಯಲ್ಲಿ ಏನೇ ರಿಪೇರಿ ಶುರುವಾಗಲಿ, ಕೊನೆಗೆ ಸಿಕ್ಕಿಹಾಕಿಕೊಳ್ಳೋನು ನಾನು. ಅದು ಯಾವತ್ತೂ ತಪ್ಪಿಲ್ಲ. ಇದನ್ನು ನಾನು ಹೇಳ್ತಾ ಇದ್ದೀನಿ, ಮೊಮ್ಮಗಳು ಬರೀತಾ ಇದ್ದಾಳೆ. ನನಗೆ ಅಕ್ಷರ ಬರಲ್ಲ. ಅದರಿಂದ ನನಗೇನೂ ನಷ್ಟ ಆಗಿಲ್ಲ, ಆಗಿದ್ದರೆ ಅಕ್ಷರಕ್ಕೇ ಆಗಿರಬೇಕು.

ಊರಿಗೆ ಎಸ್‌ಟಿಡಿ ಬೂತ್ ಬಂದ ಹೊಸತರಲ್ಲಿ ನಡೆದದ್ದು. ನನ್ನ ಸಿಟ್ಟು ಇನ್ನೂ ಬಿಸಿಯಾಗೇ ಇದೆ. ಬೇಕಾದರೆ ಬಂದು ಮುಟ್ಟಿ ನೋಡಿ.

ಸಿಟ್ಟಿನ ಜಾಗ

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗೋ ದಾರೀಲಿ ಒಳಕ್ಕೆ ತಿರುಗಿದರೆ ನಮ್ಮೂರು. ತೊಟ್ಟಿ ಮನೆ, ನಾಡಹೆಂಚು, ನಡುಮನೆ ಮೇಲೆ ಹಲಗೆಯ ಅಟ್ಟ. ಹತ್ತೋಕೆ ಒಂದು ಬಿದಿರೇಣಿ, ತೂರೋಕೆ ಒಂದು ಕಿಂಡಿ, ಹಿತ್ತಲ ಕಡೆಗೆ ಒಂದು ಕಿಟಕಿ. ಗೂಡಿನ ಬಿಸೀಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪನ್ನ ಅಲ್ಲಿ ಒಟ್ಟುತ್ತಿದ್ದೆವು. ಸೊಪ್ಪು ಹರಾಜಿಗೆ ಹೋದ ಮೇಲೆ ಅಟ್ಟ ನನ್ನದು. ಸಿಟ್ಟು ಬಂದಾಗ ನಾನು ಹತ್ತಿ ಕೂರೋ ಜಾಗ ಅದು.

ನನ್ನ ಸಿಟ್ಟು ಎಂಥದ್ದು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಕಾಕನಕೋಟೆ ಕಾಡಲ್ಲಿ ಒಂದು ಸಲ ಒಂಟಿ ಸಲಗ ಎದುರಾಯ್ತು. ನನ್ನ ಕೈಯಲ್ಲಿ ಒಂದು ಕೋಲೂ ಇರಲಿಲ್ಲ. ಸುಮ್ಮನೆ ಸಿಟ್ಟಿನಿಂದ ನೋಡಿದೆ. ಸಲಗ ಕಿವಿ ಮಡಚಿಕೊಂಡು ಹಿಂದಕ್ಕೆ ನಡೆಯಿತು. ನಡೆಯೋದು ಅಂದರೆ ಬರೀ ನಡೆಯೋದಲ್ಲ, ಬಿದಿರು ಮೆಳೆಯನ್ನ ಸೊಂಡಿಲಿಂದ ಸರಿಸಿ, ನನಗೆ ದಾರಿ ಮಾಡಿಕೊಟ್ಟು ಹೋಯ್ತು. ಅಂಥ ಸಿಟ್ಟನ್ನ ನೆಲದ ಮೇಲೆ ಬಿಟ್ಟರೆ ಹೆಂಡತಿ ಮಕ್ಕಳು ಉಳೀತಾರಾ? ಅವರ ಮೇಲಿನ ದಯೆಗೇ ನಾನು ಅಟ್ಟ ಹತ್ತುತ್ತಿದ್ದುದು. ಮದುವೆಯಾದ ವರ್ಷದಿಂದ ಹೀಗೇ.

ಊಟದ ಹೊತ್ತಿಗೆ ಹೆಂಡತಿ ಏಣಿ ಬುಡಕ್ಕೆ ಬಂದು ನಿಲ್ಲುತ್ತಿದ್ದಳು.

"ಊಟಕ್ಕೆ ಬತ್ತೀರಾ?"

"ನಂಗೆ ಹಸಿವಿಲ್ಲ."

ಅವಳು ಹೋಗುತ್ತಿರಲಿಲ್ಲ. ನಾನೂ ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಿದ್ದೆ. "ಏನ್ ಸಾರು?"

ಕೋಳಿ ಸಾರು ಅಂದರೆ ಮೊದಲು ಸಿಟ್ಟು ಇಳೀತಿತ್ತು, ಅದರ ಹಿಂದೆ ನಾನು ಇಳೀತಿದ್ದೆ. ಆದರೆ ಅವಳು ಸುಮ್ಮಸುಮ್ಮನೆ ಕೋಳಿ ಕೊಯ್ಯುವವಳಲ್ಲ. ಕೆಳಗೆ ನಿಂತು, ಸಂತೇಲಿ ಬದನೆಕಾಯಿ ಒತ್ತಿ ನೋಡ್ದಂಗೆ, ಕಿಂಡಿಯಲ್ಲಿ ಕಾಣೋ ನನ್ನ ಮುಖ ನೋಡಿ ಸಿಟ್ಟನ್ನ ಅಳೆಯುತ್ತಿದ್ದಳು. ಆಮೇಲೆ ತೀರ್ಮಾನ.

"ಇವತ್ತಿನ ಸಿಟ್ಟಿಗೆ ಉಪ್ಸಾರು ಸಾಕು. ಇಳೀರಿ."

ಗಟ್ಟಿ ಮುದ್ದೆ

ಬೇಸಿಗೆ ರಜೆಗೆ ಕೆ.ಆರ್. ನಗರದ ಮಗಳ ಮಕ್ಕಳು ಬಂದರು, ಹೆಗ್ಗಡದೇವನಕೋಟೆ ಮಗಳ ಮಕ್ಕಳು ಬಂದರು. ಮನೇಲಿ ದೊಡ್ಡ ಮಗನ ಮಕ್ಕಳು ಇದ್ದೇ ಇದ್ದರು. ಎಲ್ಲ ಸೇರಿ ತೊಟ್ಟೀಲಿ ಕ್ರಿಕೆಟ್ಟು. ಸಿಕ್ಸರ್ ಅಂತೆ, ಫೋರ್ ಅಂತೆ. ಒಡೆದ ಹೆಂಚಿನ ಲೆಕ್ಕ ಮಾತ್ರ ಯಾರೂ ಇಟ್ಟಿರಲಿಲ್ಲ.

ಒಂದು ಸಂಜೆ ಕರೆಂಟ್ ಹೋಗಿತ್ತು. ಬುಡ್ಡಿ ದೀಪದಲ್ಲೇ ನನಗೆ ಊಟ ಇಕ್ಕಿದರು. ಮುದ್ದೆ ಮುಗಿಸಿ, "ಇನ್ನೊಂಚೂರು ಸಾರು ಬುಡವ್ವ" ಅಂದೆ. ದೊಡ್ಡ ಸೊಸೆ ಸೌಟು ಬಗ್ಗಿಸಿದಳು. ಸಾರಿನ ಜೊತೆ ಇನ್ನೊಂದು ಮುದ್ದೇನೂ ತಟ್ಟೆಗೆ ಬಿತ್ತು. ಕೇಳದೇನೇ ಬಡಿಸಿದಳಲ್ಲ, ಮಾವನ ಮೇಲೆ ಎಷ್ಟು ಗೌರವ ಅಂತ ಸಂತೋಷಪಟ್ಟೆ. ಮುರಿಯೋಕೆ ಹೋದರೆ ಮುರೀಲಿಲ್ಲ.

"ಏನವ್ವಾ, ಈ ಮುದ್ದೆ ಗಟ್ಟಿಯಾಯ್ತಲ್ಲ."

ಸೊಸೆ ಮುಖ ಊದಿಸಿಕೊಂಡಳು. "ನಾನು ತಿರುವಿದ ಮುದ್ದೆ ಗಟ್ಟಿಯಾಗಲ್ಲ ಮಾವ. ನಿಮ್ಗೆ ಇಕ್ಕಿದ್ದೂ ಒಂದೇ."

ನನ್ನ ಕೈ ಅಂದರೆ ಏನು, ಈ ವಯಸ್ಸಲ್ಲೂ ಕಬ್ಬನ್ನ ಹಿಂಡಿ ಹಾಲು ತೆಗೆಯೋ ಕೈ. ಬಲವಾಗಿ ಅದುಮಿದೆ. ಮುದ್ದೆ ಕೈ ಜಾರಿ ನೆಲಕ್ಕೆ ಬಿದ್ದು, ತೊಲೆ ಮುಟ್ಟೋ ಹಾಗೆ ನೆಗೆದು, ವಾಪಸ್ ಬಂದು ನನ್ನ ತೊಡೆ ಮೇಲೆ ಬಿದ್ದು ಉರುಳಿತು. ಕತ್ತಲಲ್ಲಿ ಯಾವುದೋ ಮೊಮ್ಮಗ, "ತಾತ ಕ್ಯಾಚ್ ಬುಟ್ಬುಡ್ತು ಕಣ್ಲಾ" ಅಂದ. ಮಧ್ಯಾಹ್ನ ಸಿಕ್ಸರ್ ಹೊಡೆದ ರಬ್ಬರ್ ಚೆಂಡು ಹೋಗಿ ಸಾರಿನ ಮಡಕೆಗೆ ಬಿದ್ದಿತ್ತು.

ನಾನು ಕೈಯನ್ನೂ ತೊಳೆಯದೆ ಅಟ್ಟ ಹತ್ತಿದೆ. ಕೆಳಗೆ ದೊಡ್ಡ ಮಗ ಮಾತಾಡೋದು ಕೇಳಿಸ್ತಾ ಇತ್ತು. "ಈ ಮಕ್ಳಿಗೆ ಆಡಕ್ಕೆ ಒಂದ್ ಜಾಗ ಮಾಡ್ಬೇಕು ಕಣವ್ವಾ. ಅಟ್ಟನ ಆಟದ ರೂಮ್ ಮಾಡ್ಬುಡಾನ. ಸುಮ್ನೆ ಖಾಲಿ ಬಿದ್ದದೆ."

ಖಾಲಿ ಅಂತೆ. ನಾನು ಒಳಗೇ ಕೂತಿದ್ದೆ.

ಜೋಡಿ ಸೀನು

'ಅಟ್ಟ'ದ ಒತ್ತು ಕಿತ್ತು, ಮೊದಲ ಅಕ್ಷರಕ್ಕೆ ಒಂದು ದೀರ್ಘ ಕೊಟ್ಟರೆ 'ಆಟ' ಆಗುತ್ತೆ ತಾತ, ಅಂತಾಳೆ ಬರೀತಾ ಇರೋ ಮೊಮ್ಮಗಳು. ಅವಳಿಗೆ ಅಷ್ಟು ಸುಲಭ. ಕಿತ್ತದ್ದು ಒತ್ತಲ್ಲ, ನನ್ನ ಜಾಗ.

ಮಾರನೇ ದಿನವೇ ಗುಡಿಸೋಕೆ ಹತ್ತಿದರು. ಎಷ್ಟೋ ವರ್ಷ ಹೊಗೆಸೊಪ್ಪು ಒಟ್ಟಿದ ಅಟ್ಟ. ಪೊರಕೆ ತಾಗಿದ ತಕ್ಷಣ ಇಡೀ ಮನೆ ಸೀನೋಕೆ ಶುರುವಾಯ್ತು. ನನ್ನ ಹೆಂಡತಿ ಶಕುನ ನೋಡೋಳು. ಒಂಟಿ ಸೀನಾದರೆ ಕೆಲಸ ನಿಲ್ಲಬೇಕು, ಜೋಡಿ ಸೀನಾದರೆ ಶುಭ. ಕೆಳಗೆ ನಿಂತು ಲೆಕ್ಕ ಹಿಡಿದಳು. ಮಗ ಸೀನಿದ, "ನಿಲ್ಸ್ಲಾ" ಅಂದಳು. ಸೊಸೆ ಸೀನಿದಳು, "ಈಗ ಗುಡ್ಸು" ಅಂದಳು. ಹೀಗೇ ನಿಂತು ನಡೆದು, ನಿಂತು ನಡೆದು, ಕೊನೆಗೆ ಒಂದು ಒಂಟಿ ಸೀನಿಗೆ ಸಿಕ್ಕಿಕೊಂಡರು. ಎಲ್ಲರ ಮೂಗೂ ಬತ್ತಿಹೋಗಿತ್ತು. ನಶ್ಯ ತಂದು ಏರಿಸಿದರೂ ಜೋಡಿ ಬರಲಿಲ್ಲ.

ಹೆಂಡತಿ ಜಗಲಿಗೆ ಬಂದಳು. "ಒಂದ್ ಸೀನ್ ಹಾಕಿ. ಕೆಲ್ಸ ನಿಂತೋಗದೆ."

ಅಟ್ಟ ಉಳಿಸೋಕೆ ದೇವರೇ ಕೊಟ್ಟ ದಾರಿ. ನಾನು ಮೂಗನ್ನ ಎರಡು ಬೆರಳಲ್ಲಿ ಬಿಗಿಹಿಡಿದು ಕೂತೆ. ಆದರೆ ಅಷ್ಟು ಹೊತ್ತು ತಡೆದಿಟ್ಟ ಸೀನು ಸುಮ್ಮನೆ ಬಿಡುತ್ತಾ? ಹೊರಬಿದ್ದ ರಭಸಕ್ಕೆ ಸೂರಿನ ಹೆಂಚು ಜರುಗಿ, ಕೊಟ್ಟಿಗೇಲಿ ಎತ್ತು ಹಗ್ಗ ಕಿತ್ತುಕೊಂಡಿತು. ಒಳಗಿಂದ "ಜೋಡಿ ಆಯ್ತು, ಗುಡ್ಸ್ರಲಾ" ಅಂತ ಕೂಗು.

ಒಳಗಿನವರಿಗೆ ಅದು ಜೋಡಿ. ಪಕ್ಕದ ಮನೆ ಹುಡುಗನಿಗೆ ಒಂಟಿ. ಅವನು ಹೊಸ ಪಂಚೆ ಉಟ್ಟು ಪಿರಿಯಾಪಟ್ಟಣಕ್ಕೆ ಹೆಣ್ಣು ನೋಡೋಕೆ ಅಂತ ಆಗಷ್ಟೇ ಹೊಸ್ತಿಲು ದಾಟಿದ್ದ. ಅವರಮ್ಮ ವಾಪಸ್ ಒಳಕ್ಕೆ ಎಳೆದುಕೊಂಡಳು. ಅವನು ಬಿಡಿಸಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತು, "ದೊಡ್ಡಪ್ಪ, ಇನ್ನೊಂದ್ ಸೀನು, ನಿಮ್ಮ ಕಾಲಿಗೆ ಬೀಳ್ತೀನಿ" ಅಂದ. ಅನ್ನೋ ಹೊತ್ತಿಗೆ ನಮ್ಮ ಅಟ್ಟದ ಧೂಳು ಮೂಗಿಗೆ ಏರಿ ಅವನೇ ಸೀನಿದ. ಜೋಡಿ ಆಯ್ತು ಅಂತ ಕುಣೀತಾ ಹೋದ. ಹೆಣ್ಣು ಒಪ್ಪಿಗೆಯಾಗಿ ಮದುವೆಯೂ ಆಯ್ತು.

ಈಗ ಗಂಡ ಹೆಂಡತಿ ಜಗಳ ಆದಾಗಲೆಲ್ಲ ಬಂದು ನಮ್ಮ ಜಗಲಿ ಮುಂದೆ ನಿಲ್ತಾನೆ. "ನನ್ನ ಹಾಳ್ ಮಾಡಿದ್ದು ನಿಮ್ಮನೆ ಧೂಳು ಕಣ ದೊಡ್ಡಪ್ಪ."

ಧರಣಿ

ಮೈಸೂರಿಂದ ಕೇರಂ ಬೋರ್ಡ್ ತಂದರು. ಅದು ಅಟ್ಟದ ಕಿಂಡಿಯಲ್ಲಿ ತೂರಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷ. ಅದೂ ಒಂದೇ ದಿನ. ಕಿಂಡಿ ದೊಡ್ಡದು ಮಾಡೋಕೆ ಹುಣಸೂರಿಂದ ಬಡಗಿ ಸಾಬರನ್ನ ಕರೆಸಿದರು. ನನ್ನ ಓರಗೆಯವರು. ಅವರ ಉಳಿಗಿಂತ ಬಾಯಿ ಹರಿತ.

ನಾನು ಮೊಮ್ಮಕ್ಕಳನ್ನ ಕೂರಿಸಿಕೊಂಡು ಸಲಗ ದಾರಿ ಬಿಟ್ಟದ್ದನ್ನ ಹೇಳ್ತಾ ಇದ್ದೆ. ಸಾಬರು ಗರಗಸಕ್ಕೆ ಅರ ಹಾಕೋದು ನಿಲ್ಲಿಸಿದರು.

"ಯಜಮಾನ್ರೇ, ಆ ಆನೆಗೆ ಎಡಗಡೆ ದಂತ ಅರ್ಧ ಇತ್ತಾ?"

ನಾನು ಅದನ್ನ ಗಮನಿಸಿರಲಿಲ್ಲ. ಇಲ್ಲ ಅಂದರೆ ಸಲಗವನ್ನೇ ನೋಡಿಲ್ಲ ಅಂತ ಆಗುತ್ತೆ. "ಇತ್ತು" ಅಂದೆ.

"ಹಂಗಾದ್ರೆ ಅದೇ. ನಿಮ್ಗೆ ಹೆದರ್ಕೊಂಡು ಓಡ್ವಾಗ ಮತ್ತಿ ಮರಕ್ಕೆ ಗುದ್ದಿ ಮುರ್ಕೊಂಡಿತ್ತು, ಪಾಪ. ನಾನು ವೀರನಹೊಸಹಳ್ಳಿ ಕಾಡಿನ ಗೇಟ್ ಹತ್ರ ಕೆಲ್ಸದಲ್ಲಿದ್ದೆ. ಬಂದು ನಿಂತ್ಕೊಂಡ್ತು. ತೇಗದಲ್ಲಿ ಒಂದ್ ದಂತ ಮಾಡಿ ಕೂರ್ಸ್ಬಿಟ್ಟು, ಪಾಲಿಶ್ ಹೊಡ್ದು ಕಳಿಸ್ದೆ."

ಮೊಮ್ಮಕ್ಕಳೆಲ್ಲ ನನ್ನ ಬಿಟ್ಟು ಅವರ ಸುತ್ತ ಹೋಗಿ ಕೂತರು. "ಈಗ್ಲೂ ಗಟ್ಟಿಯಾಗ್ ಅದಾ ತಾತ?" ಅಂತ ಒಂದು ಕೇಳಿತು. ಅವರನ್ನೂ ತಾತ ಅಂತೆ.

"ಗಟ್ಟಿಯಾಗಿದೆ ಮಗಾ. ಮಳೆಗಾಲ ಬಂದ್ರೆ ಮಾತ್ರ ಒಂಚೂರು ಉಬ್ಬುತ್ತೆ."

ನನಗೆ ಮೈಯೆಲ್ಲ ಉರಿದುಹೋಯ್ತು. ಸುಳ್ಳಿಗೂ ಒಂದು ಮಿತಿ ಬೇಡವಾ? ನನ್ನ ನಿಜವಾದ ಆನೆಗೆ ಸುಳ್ಳು ದಂತ ಕೂರಿಸೋಕೆ ಇವರು ಯಾರು? ಏಣಿ ಹತ್ತಿದೆ. ಕಿಂಡಿ ಪಕ್ಕದ ಹಲಗೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. "ನಾನು ಏಳಲ್ಲ. ಅದ್ಯಾರು ನನ್ನ ಹಲಗೆ ಕುಯ್ತಾರೋ ಕುಯ್ಲಿ, ನೋಡ್ತೀನಿ."

ಸಾಬರು ಮೇಲೆ ಬಂದು ನನ್ನನ್ನ ಹಿಂದೆ ಮುಂದೆ ನೋಡಿದರು. "ಒಂದ್ ಗೇಣು ಎಡಕ್ಕೆ ಜರುಗಿ" ಅಂದರು. ಹೆದರಿದರು ಅಂದುಕೊಂಡು ಜರುಗಿದೆ. ನನ್ನ ಪಕ್ಕದಲ್ಲೇ ಗರಗಸ ಇಟ್ಟು ಸರಸರ ಕುಯ್ಯೋಕೆ ಶುರು ಮಾಡಿದರು.

"ಹಲಗೆ ಅಲ್ಲಾಡ್ತಿತ್ತು ಯಜಮಾನ್ರೇ. ಮೇಲೆ ಕೂರ್ಸೋದಕ್ಕೆ ಇಬ್ರು ಆಳು ಬೇಕಲ್ಲ ಅಂತ ಯೋಚ್ನೇಲಿದ್ದೆ. ನೀವೊಬ್ರೇ ಸಾಕು."

ಒಂದು ಬದಿ ಮುಗಿಸಿ, "ಈಗ ಈ ಕಡೆ ಬನ್ನಿ" ಅಂದರು. ಹೋಗಿ ಕೂತೆ. ಅವರು ಹೇಳಿದರು ಅಂತ ಅಲ್ಲ, ನನ್ನ ಸಿಟ್ಟಿಗೆ ನಾನು ಕೂತದ್ದು.

ತಟ್ಟೆ ಖಾಲಿ

ಆಟದ ರೂಮ್ ಆಯ್ತು. ಕೇರಂ ಬೋರ್ಡ್ ಹೋಯ್ತು, ಇಸ್ಪೀಟು ಹೋಯ್ತು, ಹಲಗೆ ಮೇಲೆ ಬಣ್ಣದಲ್ಲಿ ಚೌಕಾಬಾರದ ಮನೆ ಬರೆದರು. ನನ್ನ ಗತಿ? ಸಿಟ್ಟು ಬರೋದು ನಿಲ್ಲುತ್ತಾ? ಅದು ಬಂದಾಗ ನಾನೆಲ್ಲಿ ಹೋಗಲಿ?

ಹುಲ್ಲಿನ ಮೆದೆ ಹತ್ತಿ ಕೂತೆ. ಕೆಂಜಿಗ ಕಚ್ಚಿ ಇಳಿಸಿತು. ಕೊಟ್ಟಿಗೆಗೆ ಹೋಗಿ ಕೂತೆ. ಹಸು ನನ್ನ ಬೆನ್ನು ನೆಕ್ಕೋಕೆ ಶುರು ಮಾಡಿತು. ನೆಕ್ಕಿಸಿಕೊಂಡು ಸಿಟ್ಟು ಮಾಡೋಕಾಗುತ್ತಾ? ಒಂದು ದಿನ ರೇಗಿ, ಯಾರಿಗೂ ಹೇಳದೆ ಬಸ್ ಹತ್ತಿ ಕೆ.ಆರ್. ನಗರದ ಮಗಳ ಮನೆಗೆ ಹೋದೆ. ಕಾಲಿಗೆ ನೀರು ಕೊಟ್ಟಳು, ಒಬ್ಬಟ್ಟಿಗೆ ಬೇಳೆ ಇಟ್ಟಳು, ಬೀಗರು ಪಕ್ಕದಲ್ಲೇ ಬಂದು ಕೂತು ಎಲೆ ಅಡಿಕೆ ಕೊಟ್ಟರು. ಒಬ್ಬಟ್ಟು ತಿನ್ನುತ್ತಾ ಯಾರ ಮೇಲೆ ರೇಗಲಿ? ಎರಡು ದಿನ ಇದ್ದು, ತಂದ ಸಿಟ್ಟನ್ನ ಹಾಗೇ ವಾಪಸ್ ಹೊತ್ತುಕೊಂಡು ಬಂದೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಇದೇನು, ಊರಿಂದ ಬಂದಂಗದೆ. ಕೊಟ್ಟಿಗೇಲಿ ಸಿಟ್ಟಲ್ಲಿದ್ದೀರಿ ಅಂತ ಹೊತ್ತೊತ್ತಿಗೂ ಊಟ ಇಟ್ಬತ್ತಿದ್ದೆ. ತಟ್ಟೆ ಖಾಲಿಯಾಗ್ತಿತ್ತಲ್ಲ."

ಹೋಗಿ ನೋಡಿದೆ. ಹಸು ಮೈ ಕೈ ತುಂಬಿಕೊಂಡು ಹೊಳೀತಾ ಇತ್ತು.

ಏಣಿ

ಇನ್ನು ತಡೆಯೋಕಾಗಲ್ಲ ಅಂತ ಒಂದು ಭಾನುವಾರ ಅಟ್ಟ ಹತ್ತಿ ನಿಂತೆ. ಹೆಂಡತಿ, ಸೊಸೆ, ಮೊಮ್ಮಕ್ಕಳು ಎಲ್ಲ ಅಲ್ಲೇ ಇದ್ದರು. "ಚೌಕಾಬಾರ ಆಡಾನ. ನಾನು ಗೆದ್ರೆ ಈ ಅಟ್ಟ ವಾಪಸ್ ನಂದು. ಯಾರ್ ಬತ್ತೀರೋ ಬನ್ನಿ" ಅಂದೆ. ಹುಣಸೂರಿಂದ ಹೆಗ್ಗಡದೇವನಕೋಟೆ ತನಕ ನನ್ನ ಕವಡೆಗೆ ಎದುರು ನಿಂತವರಿಲ್ಲ. ನಾನು ಮನಸ್ಸಲ್ಲಿ ಚೌಕ ಅಂದುಕೊಂಡರೆ ಕವಡೆ ಚೌಕವೇ ಬೀಳಬೇಕು.

ಯಾರೂ ಏಳಲಿಲ್ಲ. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದು ಕೂತಳು.

ಅವತ್ತು ಕವಡೆಗೆ ಯಾರೋ ಮಾಟ ಮಾಡಿದ್ದರು. ನಾನು ನಾಲ್ಕರ ಚೌಕ ಅಂದರೆ ಒಂದು ಬೀಳುತ್ತೆ, ಎಂಟರ ಬಾರ ಅಂದರೆ ಎರಡು ಬೀಳುತ್ತೆ. ಅವಳು ಏನೂ ಅನ್ನದೆ ಕೈ ಅಲ್ಲಾಡಿಸ್ತಾಳೆ, ಬಾರ. ಇನ್ನೊಂದು ಸಲ, ಬಾರ. ನನ್ನ ಕಾಯಿಗಳನ್ನ ಒಂದೊಂದಾಗಿ ಕಡಿದು, ತನ್ನವನ್ನೆಲ್ಲ ನಡುವಿನ ಮನೆಗೆ ಸೇರಿಸಿ ಹಣ್ಣು ಮಾಡಿಕೊಂಡಳು. ಮೊಮ್ಮಕ್ಕಳು ಹಲಗೆ ಬಡೀತಾ ಇದ್ದರು.

"ಸೆರಗಿನ ಮರೇಲಿ ಕವಡೆ ತಿರುಗಿಸ್ದೆ ನೀನು" ಅಂದೆ. "ಕಳ್ಳಾಟ."

ಅವಳು ಕವಡೇನ ಹಲಗೆ ಮೇಲೆ ಕುಕ್ಕಿದಳು. ಅವಳು ಸಿಟ್ಟು ಮಾಡಿದ್ದನ್ನ ಇಷ್ಟು ವರ್ಷದಲ್ಲಿ ನಾನು ಕಂಡಿರಲಿಲ್ಲ. ಮನೆಗೆ ಒಬ್ಬರ ಸಿಟ್ಟು ಸಾಕು ಅಂತ ಅದನ್ನ ನಾನೇ ವಹಿಸಿಕೊಂಡಿದ್ದೆ.

"ಕಳ್ಳಾಟ ಅಂದ್ರಾ?"

"ಊಂ, ಅಂದೆ."

ಅಂದು, ಏಣಿ ಧಡಧಡ ಇಳಿದೆ. ಅರ್ಧ ಇಳಿದ ಮೇಲೆ ಹೊಳೀತು, ಸಿಟ್ಟು ಬಂದರೆ ನಾನು ಹತ್ತಬೇಕಾದವನು. ಕಾಲು ನೆಲ ಮುಟ್ಟಿ ಹಿಂದೆ ತಿರುಗೋ ಹೊತ್ತಿಗೆ ಏಣಿ ಮೇಲಕ್ಕೆ ಹೋಗ್ತಾ ಇತ್ತು. ಹತ್ತಿದ ಮೇಲೆ ಏಣಿ ಒದೆಯೋರನ್ನ ಕಂಡಿದ್ದೀನಿ. ಇಳಿದವನ ಏಣಿ ಎಳೆದು ಮೇಲಿಟ್ಟುಕೊಳ್ಳೋರನ್ನ ಅವತ್ತೇ ಕಂಡದ್ದು.

ಊಟದ ಹೊತ್ತಾಯ್ತು, ಹೊತ್ತು ಮೀರಿತು. ಮೇಲೆ ಕವಡೆ ಸದ್ದು. ಕೆಳಗೆ ತಣ್ಣಗಿನ ಒಲೆ. ಹೆಂಗಸರೆಲ್ಲ ಮೇಲೆ, ಮಗ ಸಂತೆಗೆ ಹೋದವನು ಬಂದಿಲ್ಲ. ಹಸಿವು ಅಂತ ಅಲ್ಲ, ಒಲೆ ಆರಿರಬಾರದು ಅಂತ ನಾನೇ ಹಚ್ಚಿದೆ. ನಾನು ಅಡುಗೆಗೆ ನಿಂತರೆ ಹುಣಸೂರಿನ ಹೋಟೆಲಿನವರು ಬಾಗಿಲು ಹಾಕಿಕೊಂಡು ಮನೆಗೆ ಹೋಗಬೇಕು. ಮುದ್ದೆ ತಿರುವಿ, ಸೊಪ್ಪು ಬೇಯಿಸಿ ಬಸಿದು, ಖಾರ ಅರೆದು ಉಪ್ಸಾರು ಮಾಡಿದೆ. ಆಮೇಲೆ ಕಿಂಡಿ ಕೆಳಗೆ ಬಂದು ನಿಂತೆ. ಸಾಬರು ಕುಯ್ದ ಮೇಲೆ ಆ ಕಿಂಡಿ ಎಷ್ಟು ದೊಡ್ಡದಾಗಿತ್ತು ಅಂದರೆ, ಅಷ್ಟೂ ಮುಖ ಒಟ್ಟಿಗೇ ಬಗ್ಗಿ ನನ್ನ ನೋಡಿದವು.

"ಊಟಕ್ಕೆ ಬತ್ತೀಯೇನೇ?"

"ನಂಗೆ ಹಸಿವಿಲ್ಲ."

ನಾನು ಹೋಗಲಿಲ್ಲ. ಅವಳು ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು.

"ಏನ್ ಸಾರು?"

"ಉಪ್ಸಾರು."

ಮೇಲೆ ಗುಸುಗುಸು ಆಯ್ತು. ಅವಳು ಇನ್ನೊಂದಿಷ್ಟು ಬಗ್ಗಿ, ಈ ಸಲ ನನ್ನ ಮುಖ ನೋಡದೆ, ತನ್ನ ಎದೆ ಮೇಲೆ ತಾನೇ ಕೈಯಿಟ್ಟು ಅಳೆದುಕೊಂಡಳು.

"ಇವತ್ತಿನ ಸಿಟ್ಟಿಗೆ ಉಪ್ಸಾರು ಸಾಲಲ್ಲ. ಕೋಳಿ ಹಿಡೀರಿ."

ಹಿತ್ತಲಿಗೆ ಹೋದೆ. ಅಟ್ಟದ ಕಿಟಕೀಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಬೇಲಿ ಪಕ್ಕ ಹುಂಜ ನಿಂತಿತ್ತು. ನಾನು ಸಿಟ್ಟಿನಿಂದ ನೋಡಿದೆ. ಕಾಕನಕೋಟೆ ಸಲಗಕ್ಕೆ ಇದ್ದ ಬುದ್ಧಿ ಅದಕ್ಕೆ ಇರಲಿಲ್ಲ. ಅದೂ ಸಿಟ್ಟಿನಿಂದಲೇ ನೋಡಿ, ನನ್ನ ಮೇಲೇ ಬಂತು.