ಕಾರಿಲ್ಲದವನ ಕಾರ್ ರೇಡಿಯೋ

ಏನೇನು ಆಗಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಿಡಿಲು ಬಡಿದು ರೇಡಿಯೋ ತಂತಿಯ ಕಂಬ ಎರಡು ಸೀಳಾಗಬಹುದಿತ್ತು. ಕಂಬವನ್ನು ಬಿಟ್ಟು ಆ ಸಿಡಿಲು ತಂತಿ ಹಿಡಿದುಕೊಂಡು ಒಳಗೆ ಬಂದು, ದೇವರ ಕೋಣೆಯನ್ನೂ ನೋಡಿಕೊಂಡು ಹೋಗಬಹುದಿತ್ತು. ಬ್ಯಾಟರಿಯ ಆಸಿಡ್ಡು ಸೋರಿ ನೆಲ ತೂತಾಗಬಹುದಿತ್ತು, ಆ ತೂತಿನಿಂದ ಹಾವು ಬರಬಹುದಿತ್ತು. ಲೈಸೆನ್ಸಿನ ಕಾಗದ ನೋಡಿದ ಪೊಲೀಸರು, ರೇಡಿಯೋ ಸರಿ, ಇದರ ಕಾರೆಲ್ಲಿ ಎಂದು ಕೇಳಬಹುದಿತ್ತು. ಮದ್ರಾಸಿನಿಂದ ಹೊರಟ ಸಂಗೀತವೆಲ್ಲ ನನ್ನ ಹೆಂಡತಿಯ ಒದ್ದೆ ಸೀರೆಯಲ್ಲಿ ಇಂಗಿಹೋಗಬಹುದಿತ್ತು. ಇವುಗಳಲ್ಲಿ ಒಂದನ್ನೂ ನಾನು ಮರೆತಿರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿ ತಲೆ ನರೆದವನು ನಾನು. ಸುಡುವ ಗೂಡಿನಿಂದ ಹಂಚು ಹೊರಬರುವಾಗ ಉಳಿದವರಿಗೆ ಕೆಂಪಗಿನ ಹಂಚು ಕಾಣುತ್ತದೆ. ನನಗೆ ಕಾಣುವುದು ದೋಣಿಗೆ ಏರಿಸುವಾಗ ಯಾವುದು ಒಡೆಯುತ್ತದೆ ಎಂಬುದು.

ಇಷ್ಟು ಹೆದರುವವನು ಇಂಥ ಕೆಲಸಕ್ಕೆ ಕೈಹಾಕಿದ್ದು ಏಕೆ ಎಂದರೆ, ಹೊಟ್ಟೆಕಿಚ್ಚು. ಹೆದರಿಕೆಗಿಂತ ಬಲವಾದದ್ದು ನನ್ನಲ್ಲಿ ಅದೊಂದೇ ಇದೆ.

ಕುಂದಾಪುರದ ನಮ್ಮ ಓಣಿಯಲ್ಲಿ ನನ್ನ ಮನೆಯ ಪಕ್ಕದ ಮನೆ ಪದ್ಮನಾಭಯ್ಯನವರದು. ಇಪ್ಪತ್ತು ವರ್ಷ ಬೊಂಬಾಯಿಯಲ್ಲಿ ಹೋಟೆಲು ನಡೆಸಿ, ಯುದ್ಧ ಮುಗಿದ ಮೇಲೆ ಊರಿಗೆ ಬಂದರು. ಬರುವಾಗ ಒಂದು ಕಾರು ತಂದರು. ಪೆಟ್ರೋಲು ಸಿಗದ ಕಾಲ, ಕಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಆದರೆ ಊರಿನವರ ಗೌರವ ಕಾರು ಓಡುವುದನ್ನು ಕಾಯುವುದಿಲ್ಲ. ಅದುವರೆಗೆ ಸಂಜೆಯಾದರೆ ನನ್ನ ಜಗಲಿಗೆ ಮೂರು ಜನ ಬರುತ್ತಿದ್ದರು: ಪೋಸ್ಟ್ ಮಾಸ್ಟರು, ಶಾಲೆಯ ಹೊಳ್ಳ ಮಾಸ್ಟ್ರು, ಜವಳಿ ಅಂಗಡಿಯ ನಾಯಕರು. ಎಲೆಯಡಿಕೆ ತಟ್ಟೆ ನಡುವೆ ಇಟ್ಟುಕೊಂಡು ನಾವು ನಾಲ್ವರು ದೇಶದ ವಿಚಾರ ಮಾತಾಡುತ್ತಿದ್ದೆವು. ದೇಶಕ್ಕೆ ಅದರಿಂದ ಏನಾಯಿತೋ ಗೊತ್ತಿಲ್ಲ, ನನಗೆ ದಿನ ಮುಗಿಯುತ್ತಿತ್ತು. ಪದ್ಮನಾಭಯ್ಯನವರು ಕಾರಿಗೆ ಹೊದಿಸಿದ ಬಟ್ಟೆ ತೆಗೆದ ವಾರದಲ್ಲೇ ಹೊಳ್ಳ ಮಾಸ್ಟ್ರು ಆಚೆ ಹೋದರು. ನಾಯಕರು, ಮಾಸ್ಟ್ರು ಎಲ್ಲಿ ಹೋದರು ನೋಡಿ ಬರುತ್ತೇನೆ ಎಂದು ಹೋದರು. ಪೋಸ್ಟ್ ಮಾಸ್ಟರು ಮಾತ್ರ ಇನ್ನೊಂದು ವಾರ ನನ್ನ ಜಗಲಿಯಲ್ಲೇ ಕುಳಿತು, ಆಚೆಯ ನಗು ಕೇಳುತ್ತ, ಸರಿಯಾಗಿ ಉತ್ತರ ಕೊಡುವುದನ್ನೇ ನಿಲ್ಲಿಸಿದರು. ಆಮೇಲೆ ಅವರೂ ಹೋದರು. ನನ್ನ ತಟ್ಟೆಯಲ್ಲಿದ್ದ ಸುಣ್ಣ ಒಣಗಿ ಕಲ್ಲಾಯಿತು. ಮನುಷ್ಯನಿಗೆ ಎಷ್ಟು ಜನ ಸ್ನೇಹಿತರು ಎಂಬುದನ್ನು ಅವನ ಸುಣ್ಣದ ಡಬ್ಬಿ ಮುಟ್ಟಿ ಹೇಳಬಹುದು.

ಇಂಥ ಹೊತ್ತಿನಲ್ಲಿ ಕಿರಿಮಂಜೇಶ್ವರದ ನನ್ನ ಭಾವ ಒಂದು ಕಬ್ಬಿಣದ ಡಬ್ಬಿಯನ್ನು ಗೋಣಿಯಲ್ಲಿ ಸುತ್ತಿ ತಂದರು. ಮಂಗಳೂರಿನಲ್ಲಿ ಒಬ್ಬ ಇಂಗ್ಲಿಷ್ ದೊರೆ ಸ್ವದೇಶಕ್ಕೆ ಹೊರಟಾಗ ಅವನ ಸಾಮಾನು ಲಿಲಾವಾಯಿತಂತೆ. ರೇಡಿಯೋ ಎಂದು ಕೂಗಿದ್ದು ಕೇಳಿ ಭಾವ ಕೈ ಎತ್ತಿದರು. ಮನೆಗೆ ಬಂದು ನೋಡಿದರೆ ಅದು ದೊರೆಯ ಕಾರಿನಿಂದ ಬಿಚ್ಚಿದ ರೇಡಿಯೋ. ತಾವು ಮೋಸಹೋಗಿ ಕೊಂಡದ್ದನ್ನು ನೆಂಟರಿಗೇ ದಾಟಿಸುವುದು ಭಾವನ ಕ್ರಮ, ಹಾಗೆ ಅದು ನನಗೆ ಬಂತು. ನಾನು ಮಾತ್ರ ಆ ದಿನ ಡಬ್ಬಿಯ ಎದುರು ಕುಳಿತು ಎಷ್ಟೋ ತಿಂಗಳ ಮೇಲೆ ನಕ್ಕೆ. ಪದ್ಮನಾಭಯ್ಯನವರಲ್ಲಿ ಕಾರಿದೆ, ಅದಕ್ಕೆ ರೇಡಿಯೋ ಇಲ್ಲ. ನನ್ನಲ್ಲಿ ಕಾರಿನ ರೇಡಿಯೋ ಇದೆ, ಕಾರು ಮಾತ್ರ ಇಲ್ಲ. ಅರ್ಧಕ್ಕರ್ಧ ಸಮ ಆದಂತಾಯಿತು.

ಬ್ರಹ್ಮಾವರದಲ್ಲಿ ಬಸ್ಸು ರಿಪೇರಿ ಮಾಡುವ ಲೂವಿಸ್ ಎಂಬವನನ್ನು ಒಂದು ಭಾನುವಾರ ಕರೆಸಿದೆ. ಅವನು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಜೀವ ಇದೆ, ಮನೆಯಲ್ಲೂ ಹಾಡಿಸಬಹುದು ಎಂದ. ಬೇಕಾದ ಸಾಮಾನು ಹೇಳುತ್ತಾ ಹೋದ. ನಾನು ಒಂದೊಂದನ್ನೇ ಹೊಡೆದುಹಾಕುತ್ತಾ ಬಂದೆ. ದೂರದ ಸ್ವರ ಹಿಡಿಯುವ ಏರಿಯಲ್ ತಂತಿಗೆ ಎತ್ತರದ ಕಂಬ ಬೇಕೆಂದ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವವರ ಹತ್ತಿರ ಮುರಿದ ಹಾಯಿಕಂಬವೊಂದು ಬಿದ್ದಿತ್ತು, ಹಂಚು ಇಳಿಸಿ ಖಾಲಿ ಬರುವ ದೋಣಿಯಲ್ಲಿ ತರಿಸಿದೆ. ತಂತಿ ಮರಕ್ಕೆ ತಾಗದಂತೆ ಪಿಂಗಾಣಿ ಬಿಲ್ಲೆ ಬೇಕೆಂದ. ಕಾರ್ಖಾನೆಯ ಮೇಸ್ತ್ರಿಗೆ ಹೇಳಿ ಜೇಡಿಮಣ್ಣಿನಲ್ಲೇ ಎರಡು ಮಾಡಿಸಿ, ಹಂಚಿನ ಜೊತೆ ಗೂಡಿನಲ್ಲಿ ಸುಡಿಸಿದೆ. ಅವು ನೋಡಲು ದೀಪಾವಳಿಯ ಹಣತೆಗೆ ನಡುವೆ ತೂತು ಬಿದ್ದಂತೆ ಇದ್ದವು. ಬ್ಯಾಟರಿ, ಕೋಟೇಶ್ವರದಲ್ಲಿ ಬಸ್ಸೊಂದು ಬೇಡವೆಂದು ಇಳಿಸಿದ್ದು. ಇನ್ನು ತಾಮ್ರದ ತಂತಿ. ನಮ್ಮ ಹಿತ್ತಿಲಿನಿಂದ ಕಿಟಕಿಯ ತನಕ ಬಟ್ಟೆ ಒಣಗಿಸುವ ತಂತಿಯೊಂದು ಆಗಲೇ ಇತ್ತಲ್ಲ! ಅದನ್ನು ಬಿಚ್ಚಿ ಕಂಬದ ತುದಿಗೆ ಏರಿಸುವಾಗ ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು.

"ನನ್ ಸೀರಿ ಎಲ್ಲ್ ಒಣಗ್ಸುದ್?" ಎಂದಳು.

ಕೆಳಗಿನ ತುದಿ ಕೈಗೆ ಎಟಕುತ್ತದೆ, ಅಲ್ಲೇ ಹಾಕು, ಆದರೆ ಚೆನ್ನಾಗಿ ಹಿಂಡಿ ಹಾಕು ಎಂದೆ. ನಿಮ್ಮ ಮದ್ರಾಸಿನವರಿಗೆ ನನ್ನ ಹರಕು ಸೀರೆ ಕಾಣುವುದಿಲ್ಲವಷ್ಟೆ ಎಂದು ಕೇಳಿ ಒಳಗೆ ಹೋದಳು.

ಕೊನೆಗೆ ಉಳಿದದ್ದು ಒಂದೇ ಸಾಮಾನು. ಡಬ್ಬಿಯ ಬೆನ್ನಿನಿಂದ ಬ್ಯಾಟರಿಗೆ ಹೋಗುವ ದಪ್ಪ ತಂತಿ ಬಹಳ ಗಿಡ್ಡ. ಲೂವಿಸ್ ಅದನ್ನು ಎಳೆದು ತೋರಿಸಿದ.

"ಇದ್ ಕಾರಿಗೆ ಮಾಡದ್, ಗುಮಾಸ್ತ್ರೇ. ಕಾರಲ್ಲಿ ಎಲ್ಲ ಹತ್ರ ಹತ್ರ ಇರ್ತ್. ಇಲ್ಲಿಗೆ ಇನ್ನ್ ಎರಡ್ ಮೊಳ ವಯರ್ ಬೇಕ್."

ಆ ದಪ್ಪದ ತಂತಿ ಮಂಗಳೂರಿನಿಂದಲೇ ಬರಬೇಕಂತೆ. ಇಷ್ಟೆಲ್ಲ ಉಳಿಸಿದವನು ಎರಡು ಮೊಳದಲ್ಲಿ ಸೋಲುವುದೇ? ಗಿಡ್ಡವಾದರೆ ಬ್ಯಾಟರಿಯನ್ನೇ ಹತ್ತಿರ ತಂದರಾಯಿತು ಎಂದೆ. ಏರಿಯಲ್ ತಂತಿಯೂ ಕಿಟಕಿಗೆ ಬಂದು ಮುಗಿದುಹೋಗಿತ್ತು, ಹಾಗಾಗಿ ಡಬ್ಬಿ ಕಿಟಕಿಯ ದಂಡೆಯ ಮೇಲೆಯೇ ಕೂರಬೇಕಾಯಿತು. ದಂಡೆಯಲ್ಲಿ ಬ್ಯಾಟರಿಗೆ ಜಾಗವಿಲ್ಲ, ಅದನ್ನು ಕೋಣೆಯ ಒಳಗೆ ನಾಲ್ಕು ಹಂಚು ಪೇರಿಸಿ ಅದರ ಮೇಲೆ ಇಟ್ಟೆವು. ತಂತಿ ಡಬ್ಬಿಯ ಬೆನ್ನಿನಿಂದ ಬರುವುದು, ಆದ್ದರಿಂದ ಬೆನ್ನು ಒಳಗಾಯಿತು. ಸ್ವರ ಬರುವ ಬಾಯಿ, ತಿರುಗುಣಿ ಎಲ್ಲ ಹೊರಗಾಯಿತು. ಲೂವಿಸ್ ತಲೆ ಕೆರೆದುಕೊಂಡ.

"ಬಾಯಿ ಆಚಿ ಬದಿಗ್ ಆಯ್ತಲೆ. ಅಡ್ಡಿಲ್ಯಾ?"

ಅಡ್ಡಿಯಿಲ್ಲ ಎಂದೆ. ಶಬ್ದಕ್ಕೆ ಹಿಂದೆ ಮುಂದೆ ಉಂಟೇ, ದೇವಸ್ಥಾನದ ಡೋಲು ಊರಿಗೆಲ್ಲ ಕೇಳುವುದಿಲ್ಲವೇ ಎಂದು ಅವನಿಗೇ ಬುದ್ಧಿ ಹೇಳಿದೆ. ಆ ಕಿಟಕಿ ಪದ್ಮನಾಭಯ್ಯನವರ ಜಗಲಿಗೆ ಎದುರಾಗಿತ್ತು ಎಂಬುದು ನನಗೆ ಗೊತ್ತಿರದ ವಿಷಯವಲ್ಲ. ಎರಡು ವರ್ಷಗಳಿಂದ ಅದೇ ಕಿಟಕಿಯಲ್ಲಿ ನಿಂತು ಆಚೆ ಯಾರು ಯಾರು ಕುಳಿತಿದ್ದಾರೆ ಎಂದು ನೋಡುತ್ತಿದ್ದವನು ನಾನು. ಆದರೆ ಆ ದಿನ ಸಿಡಿಲು, ಆಸಿಡ್ಡು, ಹಾವು, ಪೊಲೀಸು ಇವುಗಳಲ್ಲಿ ನನ್ನ ಚಿಂತೆಯೆಲ್ಲ ಖರ್ಚಾಗಿಹೋಗಿ, ಇದಕ್ಕೆಂದು ಏನೂ ಉಳಿದಿರಲಿಲ್ಲ.

ಮರುದಿನ ಮೂವರಿಗೂ ಹೇಳಿಕಳಿಸಿದೆ. ಜಗಲಿಗೆ ಚಾಪೆ ಹಾಸಿ, ಸುಣ್ಣಕ್ಕೆ ನೀರು ಬಿಟ್ಟು ಕಲಸಿ, ತಟ್ಟೆ ತುಂಬಿಸಿ ಇಟ್ಟೆ. ಮೂವರೂ ಬಂದರು. ನನ್ನ ಹಳೆಯ ಜಗಲಿಯಲ್ಲಿ ಅವರು ತಮ್ಮ ತಮ್ಮ ಹಳೆಯ ಜಾಗಗಳಲ್ಲೇ ಕುಳಿತದ್ದು ನೋಡಿ ತಟ್ಟೆಯನ್ನು ಅವರ ನಡುವೆ ಸರಿಸಿದೆ. ದೀಪ ಹಚ್ಚುವ ಹೊತ್ತಿಗೆ ನಾನು ಅಂಗಳ ಸುತ್ತಿ ಕಿಟಕಿಯ ಹೊರಗೆ ಹೋಗಿ ತಿರುಗುಣಿ ತಿರುಗಿಸಿದೆ. ಮೊದಲು ಹಂಚಿನ ಮೇಲೆ ಮಳೆ ಹೊಯ್ದ ಹಾಗೆ ಕೇಳಿಸಿತು. ಆಮೇಲೆ, ನಿಜವಾಗಿ, ಮದ್ರಾಸಿನಿಂದ ಪಿಟೀಲು ಬಂತು. ಓಡಿಕೊಂಡು ಜಗಲಿಗೆ ಬಂದೆ. ಅಲ್ಲಿ ಕೇಳುತ್ತಿದ್ದದ್ದು ಮುಚ್ಚಿದ ಹಂಡೆಯೊಳಗೆ ಸಿಕ್ಕಿಬಿದ್ದ ದುಂಬಿಯ ಸ್ವರ. ಮೂವರೂ ಮರ್ಯಾದೆಗೆ ತಲೆದೂಗುತ್ತಿದ್ದರು. ಅಷ್ಟರಲ್ಲಿ ಬೇಲಿಯ ಆಚೆಯಿಂದ ಪದ್ಮನಾಭಯ್ಯನವರ ಕರೆ ಬಂತು.

"ಹ್ವಾಯ್, ಅಲ್ಲೆಂತ ಮಾಡ್ತ್ರಿ ಮರ್ರೆ? ಇಲ್ಲ್ ಬನ್ನಿ, ಎದ್ರಿಗೆ ಕೂಕಂಡ್ ಹಾಡ್ದಾಂಗ್ ಕೇಂತ್."

ಪೋಸ್ಟ್ ಮಾಸ್ಟರು ಮೊದಲು ಎದ್ದರು, ಕೇಳಿ ಬಂದುಬಿಡುತ್ತೇನೆ ಎಂದರು. ನಾಯಕರು ಅವರ ಬೆನ್ನಿಗೇ ಎದ್ದರು. ಕೊನೆಗೆ ಎದ್ದ ಹೊಳ್ಳ ಮಾಸ್ಟ್ರು, ಇಲ್ಲಿ ಸುಮ್ಮನೆ ಇರುವುದೇಕೆ ಎಂದು ಎಲೆಯಡಿಕೆ ತಟ್ಟೆಯನ್ನೂ ತೆಗೆದುಕೊಂಡು ಹೋದರು. ನಾನು ಒಳಗೆ ಬಂದು ಡಬ್ಬಿಯ ಬೆನ್ನಿಗೆ ಕಿವಿಯಿಟ್ಟು ಕುಳಿತೆ. ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತು ಹೇಳಿದಳು.

"ನೀವೂ ಹೋಗಿ. ಹ್ಯಾಂಗೂ ತಟ್ಟೆ ಅಲ್ಲೇ ಇತ್ತ್."

ಹೋದೆ. ನಾಳೆಯೇ ಲೂವಿಸನನ್ನು ಕರೆಸಿ ಎರಡು ಮೊಳ ತಂತಿ ಹಾಕಿಸಿ ಡಬ್ಬಿಯನ್ನು ತಿರುಗಿಸಿಬಿಡುತ್ತೇನೆ, ನೋಡೋಣ ಯಾರ ಜಗಲಿಯಲ್ಲಿ ಯಾರು ಕೂರುತ್ತಾರೆ ಎಂದು ಹಲ್ಲು ಕಚ್ಚಿಕೊಂಡೇ ಬೇಲಿ ದಾಟಿದೆ. ಪದ್ಮನಾಭಯ್ಯನವರು ಎದ್ದು ನಿಂತು ತಮ್ಮ ಬೊಂಬಾಯಿ ಕುರ್ಚಿಯನ್ನೇ ನನಗೆ ಬಿಟ್ಟುಕೊಟ್ಟರು. ಆಮೇಲೆ ಉಳಿದವರ ಕಡೆ ತಿರುಗಿದರು.

"ಬೊಂಬಾಯಲ್ಲಿ ಇಪ್ಪತ್ ವರ್ಷ ಕಂಡಿದೆ ನಾನ್. ರೇಡಿಯೋ ಇದ್ದೋರ್ ಕಿಟ್ಕಿ ಬಾಗ್ಲ್ ಹಾಯ್ಕಂಡ್ ಕೇಂತ್ರ್. ನಮ್ ಗುಮಾಸ್ತ್ರನ್ನ್ ಕಾಣಿ, ಬಾಯಿ ಊರಿನ್ ಬದಿಗ್ ಮಾಡಿ, ಬೆನ್ನ್ ತಮ್ಮ ಬದಿಗ್ ಇಟ್ಕಂಡಿರ್."

ಪೋಸ್ಟ್ ಮಾಸ್ಟರು ದೊಡ್ಡ ಮನಸ್ಸು ಎಂದರು. ಹೊಳ್ಳ ಮಾಸ್ಟ್ರು ಇದನ್ನು ಮಕ್ಕಳಿಗೆ ಹೇಳಬೇಕು ಎಂದರು. ಆ ಕ್ಷಣದಲ್ಲಿ ನಿಜ ಹೇಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಹೊಗಳಿಸಿಕೊಂಡು ಎಷ್ಟು ಕಾಲವಾಗಿತ್ತು! ನಾನು ಶಾಲು ಸರಿಮಾಡಿಕೊಂಡು, ಅದರಲ್ಲೇನು, ಸಂಗೀತ ಎಲ್ಲರಿಗೂ ಸೇರಿದ್ದಲ್ಲವೇ ಎಂದುಬಿಟ್ಟೆ.

ಮುಂದಿನ ಭಾನುವಾರ ಲೂವಿಸ್ ತಾನಾಗಿ ಬಂದ. ಗುಜರಿಗೆ ಹೋದ ಬಸ್ಸಿನಿಂದ ನನಗಾಗಿ ಎರಡು ಮೊಳ ದಪ್ಪ ತಂತಿ ಬಿಚ್ಚಿಕೊಂಡು ಬಂದಿದ್ದ. ದುಡ್ಡು ಬೇಡವೆಂದ. ಜೀವಮಾನದಲ್ಲಿ ಪುಕ್ಕಟೆ ಬಂದದ್ದನ್ನು ನಾನು ಬಿಟ್ಟವನಲ್ಲ. ಕೈ ಚಾಚಿದೆ. ಆಚೆಯ ಜಗಲಿಯಿಂದ ಪದ್ಮನಾಭಯ್ಯನವರು, ಎಂತದು ಲೂವಿಸ್ ಅದು ಎಂದು ಕೇಳಿದರು. ಚಾಚಿದ ಕೈಯನ್ನು ಹಾಗೇ ಅವನ ಹೆಗಲ ಮೇಲಿಟ್ಟು, ಬೇಡಪ್ಪ, ಊರಿನವರಿಗೆ ಕೇಳುವ ಹಾಗೆಯೇ ಇರಲಿ ಎಂದೆ. ಅವನು ನನ್ನ ಮುಖ ನೋಡಿ, ಪಾಪ, ಕಣ್ಣು ಒರೆಸಿಕೊಂಡ.

ಈಗ ನನ್ನ ದಿನಚರಿ ಹೀಗಿದೆ. ಸಂಜೆಯಾದರೆ ನನ್ನ ಮನೆಯಿಂದ ನನ್ನ ತಟ್ಟೆ ಹಿಡಿದುಕೊಂಡು ಪದ್ಮನಾಭಯ್ಯನವರ ಜಗಲಿಗೆ ಹೋಗುತ್ತೇನೆ. ಬೊಂಬಾಯಿ ಕುರ್ಚಿ ಮೊದಲ ದಿನಕ್ಕೆ ಮಾತ್ರ, ಈಗ ನನ್ನ ಜಾಗ ಅವರ ಜಗಲಿಯ ಕಂಬದ ಬುಡದಲ್ಲಿ. ಹೊಸಬರು ಯಾರಾದರೂ ಬಂದರೆ, ಪದ್ಮನಾಭಯ್ಯನವರ ಮನೆಯ ರೇಡಿಯೋ ಬಹಳ ಲಾಯ್ಕಿದೆ ಎನ್ನುತ್ತಾರೆ. ಪದ್ಮನಾಭಯ್ಯನವರೇ ಕೂಡಲೇ ತಿದ್ದಿ ನನ್ನ ಕಡೆ ಕೈ ತೋರಿಸುತ್ತಾರೆ, ಅದಕ್ಕಾಗಿ ಅವರ ಮೇಲೆ ಇನ್ನಷ್ಟು ಹೊಟ್ಟೆ ಉರಿಯುತ್ತದೆ. ಬ್ಯಾಟರಿ ಇಳಿದರೆ ತಮ್ಮ ಕಾರಿಗೆ ಜೋಡಿಸಿ ಚಾರ್ಜ್ ಮಾಡಿ ಕೊಡುವವರೂ ಅವರೇ. ಯಾರಿಗಾದರೂ ಸ್ವರ ಸಣ್ಣದೆನಿಸಿದರೆ ನಾನು ಎದ್ದು ಹೋಗಿ, ಹೊರಗಿನಿಂದ ನನ್ನದೇ ಕಿಟಕಿಗೆ ಕೈಹಾಕಿ ತಿರುಗುಣಿ ತಿರುಗಿಸಿ ಬರುತ್ತೇನೆ. ಒಳಗೆ ದೀಪದ ಬೆಳಕಿನಲ್ಲಿ ಕಪ್ಪಗೆ ಕುಳಿತ ಬ್ಯಾಟರಿ ಕಾಣುತ್ತದೆ.

ಸಿಡಿಲು ಬಡಿಯಲಿಲ್ಲ. ಆಸಿಡ್ಡು ಸೋರಲಿಲ್ಲ, ಹಾವು ಬರಲಿಲ್ಲ. ಕಾರೆಲ್ಲಿ ಎಂದು ಯಾವ ಪೊಲೀಸನೂ ಕೇಳಲಿಲ್ಲ. ಹೆಂಡತಿಯ ಸೀರೆ ಮತ್ತು ಮದ್ರಾಸಿನ ಸಂಗೀತ ಒಂದೇ ತಂತಿಯಲ್ಲಿ ಜಗಳವಿಲ್ಲದೆ ನಡೆದುಕೊಂಡು ಬಂದಿವೆ. ಎರಡು ಮೊಳ ಕಡಿಮೆ ಬಿತ್ತು, ಅಷ್ಟೇ.