ನೆಕ್ಕಿದ ಹಲ್ಲಿ ಯಾವುದು?

ನಮ್ಮ ಮೊಮ್ಮಗನ ಹೆಸರು ಮೊದಲು ಯಾರ ಕಿವಿಗೆ ಬಿತ್ತು, ಊಹಿಸಿರಿ ನೋಡೋಣ. ಕೂಸಿನ ಕಿವಿಗಂತೂ ಅಲ್ಲ. ಆದವಾನಿಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದೆ. ಮನೆಯಲ್ಲಿ ಕೂತ ಮೇಲೆ ಇಂಥವು ಬೇಡವೆಂದರೂ ನಡೆಯುತ್ತವೆ.

೧. ಇಬ್ಬರು ಆರೋಪಿಗಳು

ತೊಟ್ಟಿಲ ಕಾರ್ಯಕ್ಕೆ ಇನ್ನು ಹನ್ನೆರಡು ದಿನ. ಆರು ವರ್ಷದ ಮೊಮ್ಮಗಳಿಗೆ ಜ್ವರ ಬಂದು ಇಳಿಯಿತು. ತುಟಿಯ ಅಂಚಿಗೆ ನೀರುಗುಳ್ಳೆಗಳ ಗೊಂಚಲು ಎದ್ದಿತು.

"ಹಲ್ಲಿ ನೆಕ್ಕೈತಿ," ಎಂದಳು ನನ್ನ ಹೆಂಡತಿ.

ಬಾಣಂತನಕ್ಕೆ ಆಸ್ಪರಿಯಿಂದ ಬಂದಿದ್ದ ಬೀಗತಿ ಒಪ್ಪಲಿಲ್ಲ. "ಬಲ್ಲಿ ಕಾದು ವದಿನಾ, ಬೊದ್ದಿಂಕ," ಎಂದು ತಮ್ಮ ತೆಲುಗಿನಲ್ಲಿ ತಪ್ಪನ್ನು ಜಿರಳೆಯ ಮೇಲೆ ಹಾಕಿದರು. ವಾದ ಮಧ್ಯಾಹ್ನದವರೆಗೆ ನಡೆಯಿತು. ಆರೋಪಿಗಳಿಬ್ಬರೂ ಗೋಡೆಯ ಮೇಲೇ ಇದ್ದರು.

೨. ಡಾಕ್ಟರಮ್ಮನ ತೀರ್ಪು

"ಹಲ್ಲೀನೂ ಅಲ್ಲ, ಜಿರಳೀನೂ ಅಲ್ಲ. ವೈರಸ್ಸು. ಮುದ್ದು ಕೊಟ್ರ, ಎಂಜಲಾ ಕುಡಿದ್ರ ಹತ್ತತೈತಿ," ಎಂದರು ಡಾಕ್ಟರಮ್ಮ. "ತಣ್ಣೀರಿನ ಬಟ್ಟಿ ಒತ್ರಿ, ಕೊಬ್ಬರಿ ಎಣ್ಣಿ ಸವರ್ರಿ, ಹುಳಿ ಖಾರ ಬಿಡಸ್ರಿ. ಟವೆಲ್ಲು, ಗ್ಲಾಸು ಬ್ಯಾರೆ ಇಡ್ರಿ. ಕೂಸಿನ ಹತ್ರ ಮಾತ್ರ ಬಿಡಬ್ಯಾಡ್ರಿ, ಎಳೇ ಕೂಸಿಗೆ ಹತ್ತಿದ್ರ ಜೀವಕ್ಕ ಕುತ್ತು."

ಮೊಮ್ಮಗಳ ಮುಖ ಸಣ್ಣಗಾಯಿತು. "ತಮ್ಮನ ತೊಟ್ಟಿಲಾ ನಾ ತೂಗಬೇಕಲ್ಲ?"

"ಹಕ್ಕಳಿ ತಾನಾಗಿ ಉದುರಲಿ, ತೂಗು. ಕೀಳಬ್ಯಾಡ."

ಅಂದಿನಿಂದ ನಮ್ಮ ಮನೆಯ ಕನ್ನಡಿ ಮೊಮ್ಮಗಳ ಕೈಯಿಂದ ಇಳಿಯಲಿಲ್ಲ. ನಾನು ಗಡ್ಡ ಕೆರೆದುಕೊಳ್ಳಲೂ ಆಕಿಯ ಅಪ್ಪಣೆ ಬೇಕಾಯಿತು.

೩. ಬೆಳ್ಳುಳ್ಳಿ

ಹೆಂಡತಿಗೆ ಡಾಕ್ಟರಮ್ಮನ ಮಾತು ಸಪ್ಪೆ ಎನಿಸಿತು. "ಬೆಳ್ಳುಳ್ಳಿ ತಿಕ್ಕಿದ್ರ ಎರಡ ದಿನದಾಗ ಹೋಗತೈತಿ," ಎಂದು ಎಸಳು ಜಜ್ಜಿಕೊಂಡು ಬಂದಳು.

"ಮೊದಲ ನೀ ತಿಕ್ಕೋ ಅಜ್ಜಿ, ನಾ ನೋಡ್ತೀನಿ," ಎಂದಳು ಮೊಮ್ಮಗಳು.

ಹೆಂಡತಿ ಹಟಕ್ಕೆ ಬಿದ್ದು ತನ್ನ ತುಟಿಗೇ ತಿಕ್ಕಿಕೊಂಡಳು. ಅವತ್ತು ಮನೆಯಲ್ಲಿ ತಣ್ಣೀರಿನ ಬಟ್ಟೆ ಎರಡು ಬೇಕಾದವು.

೪. ತೊಟ್ಟಿಲ ಕಾವಲು

ಕಾರ್ಯಕ್ಕೆ ಎರಡು ದಿನ ಮುಂಚೆ ಹಕ್ಕಳೆ ಉದುರಿತು. ಡಾಕ್ಟರಮ್ಮ ನೋಡಿ ಒಪ್ಪಿದರು.

ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ನನಗೆ ಹೆಣ್ಣುಮಕ್ಕಳಿಲ್ಲ. ಹಾಗಾಗಿ ಆ ಮಾನವನ್ನು ನಾನೇ ಗಿಟ್ಟಿಸಿಕೊಂಡು, ಹೆಸರನ್ನು ಹೆಂಡತಿಗೂ ಹೇಳದೆ ಬಚ್ಚಿಟ್ಟಿದ್ದೆ. ಕಾರ್ಯದ ದಿನ ಬೆಳಿಗ್ಗೆ ನನ್ನ ತುಟಿ ಚುರುಗುಟ್ಟಿತು. ವಯಸ್ಸಿನ ಕಾಲದಿಂದಲೂ ಆಗಾಗ ಬಂದುಹೋಗುವ ಗುಳ್ಳೆ, ನಾನು ಲೆಕ್ಕಕ್ಕೇ ಇಟ್ಟವನಲ್ಲ. ನೆಗಡಿಯವನ ಹಾಗೆ ಬಾಯಿಗೆ ಕರ್ಚೀಫು ಹಿಡಿದು ತೊಟ್ಟಿಲ ಕಡೆ ಹೋದೆ.

ಮೊಮ್ಮಗಳು ಅಡ್ಡ ನಿಂತಳು. "ಅಜ್ಜಾ, ಕರ್ಚೀಫ್ ತಗಿ."

ತೆಗೆದೆ. ತುಟಿಯ ಅಂಚಿಗೆ ಅದೇ ನೀರುಗುಳ್ಳೆ. ಜ್ವರಕ್ಕೆ ಮುಂಚೆ ನಾನು ಅರ್ಧ ಕುಡಿದು ಬಿಟ್ಟ ಮಜ್ಜಿಗೆಯ ಲೋಟವನ್ನು ದಿನಾ ಖಾಲಿ ಮಾಡುತ್ತಿದ್ದವಳು ಇದೇ ಮೊಮ್ಮಗಳು.

"ಅಂದ್ರ ಆ ಹಲ್ಲಿ ನೀವೇ ಏನ್ರಿ?" ಎಂದಳು ಹೆಂಡತಿ.

ನನ್ನನ್ನು ಹೊರಗಿನ ಕಟ್ಟೆಗೆ ಕಳಿಸಿದರು. ಯಾರೂ ಹತ್ತಿರ ಬರಲೊಲ್ಲರು. ಮೊಮ್ಮಗಳು ತೊಟ್ಟಿಲ ಬಳಿಯಿಂದಲೇ ಕೂಗಿದಳು: "ಅಲ್ಲಿಂದ ಹೇಳು ಅಜ್ಜಾ, ನಾ ತಮ್ಮನ ಕಿವ್ಯಾಗ ಹೇಳ್ತೀನಿ."

ಮೆಲ್ಲಗೆ ಹೇಳಿದೆ.

"ಕೇಳಸವಲ್ದು."

ಪಾಠದ ಕೋಣೆಯ ದನಿ ತೆಗೆದು ಕೂಗಿದೆ. ಒಳಗಿನವರು ಬಾಯಿ ತೆರೆಯುವ ಮುಂಚೆ ಎದುರಿನ ಹತ್ತಿ ವ್ಯಾಪಾರಿ ಅಂಗಡಿಯಿಂದಲೇ, "ಬಸವಪ್ರಸಾದ! ಮಂಚಿ ಪೇರು ಸಾರೂ, ಚಲೋ ಐತಿ," ಎಂದರು.

ಆಮೇಲೆ ಮೊಮ್ಮಗಳು ಬಾಗಿ ತಮ್ಮನ ಕಿವಿಯಲ್ಲಿ ಅದನ್ನೇ ಹೇಳಿ, ಸಂಜೆಯವರೆಗೂ ತೊಟ್ಟಿಲ ಹಗ್ಗ ಬಿಡಲಿಲ್ಲ. ನಾನು ಕಟ್ಟೆಯ ಮೇಲೆ, ನನ್ನದೇ ಬೇರೆ ಲೋಟ ಹಿಡಿದು ಕೂತಿದ್ದೆ. ಅದು ಶ್ರಾವಣದ ಎರಡನೆಯ ಸೋಮವಾರ.